ಅವನು ಕದಿಯದೆ ಬಿಟ್ಟ ಕಾಯಿಲ್

ಬೈಕಂಪಾಡಿಯ ಕೆಲಸ ಮುಗಿಸಿ, ಎರಡು ಬಸ್ಸು ಬದಲಾಯಿಸಿ, ಕಂಕನಾಡಿಯ ನಮ್ಮ ಬಾಡಿಗೆ ಮನೆಗೆ ಬರುವಾಗ ಆ ಶನಿವಾರ ಸಂಜೆ ಐದೂವರೆ ಗಂಟೆ. ಬಾಗಿಲಲ್ಲಿ ಒಂದು ಕಾರು ನಿಂತಿತ್ತು. ಒಳಗೆ ಮಾವನ ಹಳೆಯ ಧಣಿಗಳ ಮಗ, ಸಣ್ಣ ಧಣಿ, ನಮ್ಮ ಊಟದ ಮೇಜಿನ ಮೇಲೆ ಮಾವನ ಎಲೆಕ್ಟ್ರಿಕ್ ಗಿಟಾರನ್ನು ಅಂಗಾತ ಮಲಗಿಸಿ ಅದರ ಎದೆಯ ಪ್ಲಾಸ್ಟಿಕ್ ಫಲಕದ ಸ್ಕ್ರೂಗಳನ್ನು ಬಿಚ್ಚುತ್ತಿದ್ದ. ಕಾಲಿನ ಬೂಟು ಕಳಚಿರಲಿಲ್ಲ. ತಮ್ಮದೇ ಮನೆಯಲ್ಲಿ ಮಾವ ಗೋಡೆಗೆ ಒರಗಿ, ಕೈ ಕಟ್ಟಿಕೊಂಡು, ನಿಂತೇ ಇದ್ದರು. ಖಾಲಿ ಕುರ್ಚಿ ಪಕ್ಕದಲ್ಲೇ ಇತ್ತು.

ಸಣ್ಣ ಧಣಿ ಫಲಕವನ್ನು ಮಗುಚಿ ಹಾಕಿ, ಸ್ಕ್ರೂಡ್ರೈವರಿನ ತುದಿಯಿಂದ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲನ್ನು ಚುಚ್ಚಿ ತೋರಿಸಿದ.

"ನೋಡಿ, ಇದು ಎಂತ? ಯಾರೋ ಊರಿನವರು ಕೈಯಲ್ಲಿ ಸುತ್ತಿದ್ದು. ಒರಿಜಿನಲ್ ಅಲ್ಲವೇ ಅಲ್ಲ. ಇದೂ ಅಲ್ಲ, ಈ ಕಂಟ್ರೋಲುಗಳೂ ಅಲ್ಲ. ಅರ್ಧಕ್ಕರ್ಧ ಡುಪ್ಲಿಕೇಟ್. ನನಗೆ ಇದು ಬೇಡ. ನೀವು ಯಾರಾದರೂ ಬ್ಯಾಂಡಿನ ಹುಡುಗರಿಗೆ ಐನೂರಕ್ಕೆ ಕೊಟ್ಟುಬಿಡಿ."

ಅವನು ಚುಚ್ಚಿ ತೋರಿಸಿದ ಆ ಕಾಯಿಲ್ ನಾನು ಸುತ್ತಿದ್ದು. ಆ ಕ್ಷಣದಿಂದ ಹತ್ತಿದ ಸಿಟ್ಟು ನಲ್ವತ್ತು ವರ್ಷ ಕಳೆದರೂ ಪೂರ್ತಿ ಆರಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಾವ ಎಂದರೆ ನನ್ನ ತಾಯಿಯ ಅಣ್ಣ. ನಮ್ಮಲ್ಲಿ ಮನೆಯ ಯಜಮಾನಿಕೆ ತಾಯಿಯ ಕಡೆಯಿಂದ ಬರುವುದು, ಹಾಗಾಗಿ ಅಪ್ಪನಿಗಿಂತ ಮಾವನ ಮಾತೇ ಕೊನೆಯದು. ಒಂದು ಕಾಲಕ್ಕೆ ಗದ್ದೆ, ಒಕ್ಕಲು ಎಲ್ಲ ಇದ್ದ ಮನೆತನ. ನನಗೆ ಬುದ್ಧಿ ಬರುವಷ್ಟರಲ್ಲಿ ಗದ್ದೆ ಉಳುವವರ ಪಾಲಾಗಿ, ಹೆಸರು ಮಾತ್ರ ಉಳಿದಿತ್ತು. ಮಾವ ಅದಕ್ಕೂ ಮೊದಲೇ, ಹದಿನಾಲ್ಕರ ಪ್ರಾಯದಲ್ಲಿ, ಮುಂಬಯಿಗೆ ಹೋಗಿ ನಮ್ಮದೇ ಕಡೆಯ ದೊಡ್ಡ ಧಣಿಗಳ ಹೋಟೆಲು ಸೇರಿದವರು. ಲೋಟ ತೊಳೆದು, ಟೇಬಲ್ ಒರೆಸಿ, ಕೊನೆಗೆ ಆ ಧಣಿಗಳೇ ನಡೆಸುತ್ತಿದ್ದ ಇನ್ನೊಂದು ದೊಡ್ಡ ಹೋಟೆಲಿನ ಹಾಲ್ ನೋಡಿಕೊಳ್ಳುವವರಾದರು. ಆ ಹಾಲಿನಲ್ಲಿ ಸಂಜೆ ಬ್ಯಾಂಡ್ ಇತ್ತು. ಬ್ಯಾಂಡಿನವರ ಬಿಡುವಿನಲ್ಲಿ ಅವರ ಪಕ್ಕ ಕೂತು ಕೂತು ಮಾವ ಗಿಟಾರು ಕಲಿತರು. ಅರವತ್ತರ ದಶಕ ಮುಗಿಯುತ್ತ ಬಂದಾಗ ಒಬ್ಬ ವಿದೇಶಿ ಗಿಟಾರಿನವ ತನ್ನ ಊರಿಗೆ ಹೊರಟ. ವಿಮಾನದ ಟಿಕೆಟಿಗೆ ಕಡಿಮೆ ಬಿದ್ದ ಹಣಕ್ಕೆ ತನ್ನ ಅಮೆರಿಕದ ಗಿಟಾರನ್ನು ಮಾವನಿಗೆ ಮಾರಿದ. ನಡುವೆ ಜೇನಿನ ಬಣ್ಣ, ಅಂಚಿಗೆ ಬರುತ್ತ ಬರುತ್ತ ಕಪ್ಪು. ಮಾವ ಊರಿಗೆ ಬಂದಾಗ ಅವರ ಟ್ರಂಕಿಗಿಂತ ದೊಡ್ಡ ಪೆಟ್ಟಿಗೆ ಅದರದ್ದೇ ಆಗಿತ್ತು.

ಮಂಗಳೂರಿನಲ್ಲಿ ಅವರು ಮದುವೆ ಮನೆಗಳಲ್ಲಿ, ಕ್ರಿಸ್ಮಸ್ ಕಾಲದ ಡ್ಯಾನ್ಸುಗಳಲ್ಲಿ ನುಡಿಸಿದರು. ಕ್ರಿಶ್ಚಿಯನ್ನರ ಬ್ಯಾಂಡಿನಲ್ಲಿ ಹಣೆಗೆ ಕುಂಕುಮದ ಬೊಟ್ಟಿಟ್ಟ ಗಿಟಾರಿನವ ಇವರೊಬ್ಬರೇ. "ಮನೆತನ ಏನು, ಮಾಡುವ ಕೆಲಸ ಏನು," ಎಂದು ನನ್ನ ತಾಯಿ ಗೊಣಗುತ್ತಿದ್ದರು. ಆದರೆ ಮನೆಗೆ ಅಕ್ಕಿ ಬರುತ್ತಿದ್ದದ್ದು ಆ ಕೆಲಸದಿಂದಲೇ.

ಎಪ್ಪತ್ತರ ದಶಕದ ಕೊನೆಯ ಒಂದು ಮಳೆಗಾಲದಲ್ಲಿ ಗಿಟಾರಿನ ಅರ್ಧ ಧ್ವನಿ ಸತ್ತಿತು. ಅದರ ತಂತಿಗಳ ಅಡಿಯಲ್ಲಿ ಎರಡು ಪಿಕಪ್ಪುಗಳಿರುತ್ತವೆ: ಅಯಸ್ಕಾಂತಕ್ಕೆ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಕಾಯಿಲು. ಗಿಟಾರಿನ ತಂತಿ ನಡುಗಿದ್ದನ್ನು ಇದೇ ಹಿಡಿದು ಆಂಪ್ಲಿಫೈಯರಿಗೆ ಕೊಡುವುದು. ಕೈಯ ಹತ್ತಿರದ ಪಿಕಪ್ಪಿನೊಳಗೆ ನಮ್ಮ ಕಡಲ ಗಾಳಿಯ ಉಪ್ಪು ಹೊಕ್ಕು ಕಿಲುಬು ಹಿಡಿದಿತ್ತು. ಹೊಸದು ಬೇಕೆಂದರೆ ಅಮೆರಿಕದಿಂದ ಬರಬೇಕು. ಆ ಕಾಲಕ್ಕೆ ಅದು ಆಗುವ ಮಾತೇ ಅಲ್ಲ.

ನಾನು ಆಗಷ್ಟೇ ಬೈಕಂಪಾಡಿಯ ಒಂದು ಸಣ್ಣ ಕಾರ್ಖಾನೆಗೆ ಸೇರಿದ್ದೆ. ಟ್ರಾನ್ಸ್‌ಫಾರ್ಮರಿಗೆ, ರಿಲೇಗಳಿಗೆ ಕಾಯಿಲ್ ಸುತ್ತುವ ಕೆಲಸ. ಹನ್ನೆರಡು ಜನ ಹೆಂಗಸರು, ಹನ್ನೆರಡು ಕೈಯಂತ್ರ. ಅಲ್ಲಿ ಕಲಿಸಿದ ಮೊದಲ ಪಾಠ: ಏನನ್ನೇ ಬಿಚ್ಚುವ ಮೊದಲು ಅದರ ಚಿತ್ರ ಬರೆದಿಟ್ಟುಕೋ, ಇದ್ದ ನಂಬರೆಲ್ಲ ಬರೆದುಕೋ, ಮೀಟರಿನಲ್ಲಿ ಅಳೆದುಕೋ. ಮಾವನ ಗಿಟಾರನ್ನೂ ಹಾಗೆಯೇ ಬಿಚ್ಚಿದೆ. ಜೊತೆಗಿದ್ದವರು ಬಂದರಿನ ರೇಡಿಯೋ ರಿಪೇರಿ ಅಂಗಡಿಯ ಕಾಕ. ಮಾವನ ಆಂಪ್ಲಿಫೈಯರು ಕೆಟ್ಟಾಗಲೆಲ್ಲ ಸರಿ ಮಾಡುತ್ತಿದ್ದ ಬ್ಯಾರಿ ಮುಸಲ್ಮಾನರು. ಪ್ರಾಯದವರಾದ್ದರಿಂದ ನಮಗೆಲ್ಲ ಕಾಕ. ವಾಲ್ಯೂಮ್ ತಿರುಗಿಸುವ ಗುಂಡಿಯ ಅಡಿಯಲ್ಲಿ ಒಂದು ತಗಡಿನ ಡಬ್ಬಿ ಇರುತ್ತದೆ. ರೇಡಿಯೋದವರು ಅದಕ್ಕೆ ಕಂಟ್ರೋಲ್ ಎನ್ನುತ್ತಾರೆ. ಅದರ ಬೆನ್ನಿಗೆ ಒತ್ತಿದ ಅಂಕೆಗಳನ್ನು ಕಾಕ ಭೂತಗನ್ನಡಿಯಲ್ಲಿ ಓದಿದರು.

"ಬರೆದುಕೋ ಮಗಳೇ. ಅಮೆರಿಕದ ಕಂಟ್ರೋಲಿಗೆಲ್ಲ ಹೀಗೆ ಉಂಟು. ಮೊದಲಿನ ಅಂಕೆ ಮಾಡಿದವರದ್ದು, ಕೊನೆಯದ್ದು ಯಾವ ವರ್ಷ, ಯಾವ ವಾರ ಅಂತ. ಇದು ಐವತ್ತೊಂಬತ್ತರದ್ದು. ಮುಟ್ಟದ ಬೆಸುಗೆ, ನೋಡು, ಬೂದಿಯ ಹಾಗೆ ಮಂಕಾಗಿದೆ. ಯಾರೂ ಕೈ ಹಾಕಲಿಲ್ಲ ಇದಕ್ಕೆ."

ಬದುಕಿದ್ದ ಪಿಕಪ್ಪನ್ನು ಮೀಟರಿಗೆ ಹಚ್ಚಿ ಅದರ ಓಮ್, ಅಂದರೆ ತಂತಿ ಕರೆಂಟನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ, ಬರೆದುಕೊಂಡೆ. ಅದರ ತಳದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ ಎರಡು ಅಕ್ಷರ, ಒಂದು ಸಂಖ್ಯೆಯನ್ನೂ ಬರೆದುಕೊಂಡೆ. ಸತ್ತದ್ದನ್ನು ಕಾರ್ಖಾನೆಗೆ ಕೊಂಡುಹೋಗಿ, ಮೇಸ್ತ್ರಿಯ ಒಪ್ಪಿಗೆ ಪಡೆದು, ಪಾಳಿ ಮುಗಿದ ಮೇಲೆ ಸುತ್ತಲು ಕೂತೆ. ಏಳು ಸಾವಿರಕ್ಕೂ ಹೆಚ್ಚು ಸುತ್ತು. ಎರಡು ಸಲ ತಂತಿ ಕಡಿಯಿತು. ಮೂರನೆಯ ಸಲ, ನಾಲ್ಕು ಸಂಜೆ ಕೂತ ಮೇಲೆ, ಮೀಟರಿನ ಮುಳ್ಳು ಬದುಕಿದ್ದ ಪಿಕಪ್ಪಿನ ಅಂಕೆಯ ಹತ್ತಿರ ಬಂದು ನಿಂತಿತು. ಮಾವ ಅದನ್ನು ಹಾಕಿ ನುಡಿಸಿ, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡರು. ಆಮೇಲೆ, "ಮೊದಲಿಗಿಂತ ಚೂರು ಗಡಸು ಉಂಟು. ನನಗೆ ಇದೇ ಒಳ್ಳೆದಾಯ್ತು," ಎಂದರು. ಆರೇಳು ವರ್ಷ ಅದರಲ್ಲೇ ನುಡಿಸಿದರು.

ಎಂಬತ್ತರ ದಶಕದ ನಡುವೆ ಮಾವನ ಎಡಗೈಯ ಉಂಗುರದ ಬೆರಳು ಒಳಕ್ಕೆ ಮಡಚಿಕೊಳ್ಳತೊಡಗಿತು. ಆಸ್ಪತ್ರೆಯಲ್ಲಿ ನೋಡಿ, ಇದು ಹೀಗೆಯೇ ಎಂದರು. ತಂತಿ ಒತ್ತಲಾಗದ ಮೇಲೆ ಮಾವ ಪೆಟ್ಟಿಗೆ ಮುಚ್ಚಿದರು. ಆರು ತಿಂಗಳು ಅದರ ಕಡೆ ನೋಡಲಿಲ್ಲ. ಒಂದು ದಿನ, "ನುಡಿಸುವವರ ಕೈಗೆ ಹೋಗಲಿ," ಎಂದರು. ಸುದ್ದಿ ಹೇಗೋ ದೊಡ್ಡ ಧಣಿಗಳ ಮನೆಗೆ ಮುಟ್ಟಿತು. ಅವರ ಮಗ, ಈ ಸಣ್ಣ ಧಣಿ, ಹಳೆಯ ಗಿಟಾರುಗಳನ್ನು ಕೂಡಿಸಿಡುವವನಂತೆ. ಮುಂಬಯಿಯಿಂದ ಬಜಪೆಗೆ ವಿಮಾನದಲ್ಲಿ ಬಂದಿಳಿದವನು ಎರಡೇ ದಿನಕ್ಕೆ ನಮ್ಮ ಮನೆಗೆ ಬಂದ. "ಮನೆಯಲ್ಲಿ ಸರಿಯಾಗಿ ನೋಡಿ ರೇಟು ಹೇಳ್ತೇನೆ," ಎಂದು ಪೆಟ್ಟಿಗೆ ಸಮೇತ ತೆಗೆದುಕೊಂಡು ಹೋದ. ನಾನು ಆಗ ಕೆಲಸದಲ್ಲಿದ್ದೆ. ಇದ್ದಿದ್ದರೆ ಕೊಡಲು ಬಿಡುತ್ತಿರಲಿಲ್ಲ.

ಆ ಶನಿವಾರ ಅವನು ಅದನ್ನು ವಾಪಸ್ಸು ತಂದಿದ್ದ, ಬೇಡ ಎನ್ನುವುದಕ್ಕೆ.

ನಾನು ಚೀಲ ಕೆಳಗಿಟ್ಟು ಮೇಜಿನ ಹತ್ತಿರ ಬಂದೆ. ನನ್ನ ಕಾಯಿಲನ್ನು ಬಿಟ್ಟು ಉಳಿದದ್ದನ್ನು ನೋಡಿದೆ. ಬೂದಿಯಂತೆ ಮಂಕಾಗಿದ್ದ ಬೆಸುಗೆ ಇರಲಿಲ್ಲ. ಹೊಸ ಸೀಸ ಕನ್ನಡಿಯಂತೆ ಹೊಳೆಯುತ್ತಿತ್ತು. ಇನ್ನೊಂದು ಪಿಕಪ್ಪಿನಿಂದ ಬಟ್ಟೆ ಸುತ್ತಿದ ಹಳೆಯ ವಯರು ಹೊರಡಬೇಕಿತ್ತು. ಈಗ ಪ್ಲಾಸ್ಟಿಕ್ಕಿನ ವಯರು ಹೊರಟಿತ್ತು. ಕಂಟ್ರೋಲಿನ ಬೆನ್ನಲ್ಲಿ ಅಂಕೆಯೇ ಇರಲಿಲ್ಲ.

"ಇದು ಮಾವನ ಪಿಕಪ್ ಅಲ್ಲ," ಎಂದೆ.

"ಅದೇ ನಾನು ಹೇಳುವುದು, ತಂಗಿ. ಡುಪ್ಲಿಕೇಟ್ ಅಂತ."

"ಇಲ್ಲಿಂದ ಹೋಗುವಾಗ ಒರಿಜಿನಲ್ ಇತ್ತು. ನಾನೇ ಬಿಚ್ಚಿ ನೋಡಿದ್ದೇನೆ."

ಅವನು ನಕ್ಕ. ಮಾವನ ಕಡೆ ತಿರುಗಿ, "ನಿಮ್ಮ ಸೊಸೆ ಇಂಜಿನಿಯರಾ?" ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ, "ನೀನು ಒಳಗೆ ಹೋಗು," ಎಂದರು. ಅಷ್ಟು ಜೋರಾಗಿ ಅವರು ನನ್ನ ಮೇಲೆ ಅದುವರೆಗೆ ದನಿ ಎತ್ತಿದ್ದಿಲ್ಲ. ಸಣ್ಣ ಧಣಿ ಫಲಕವನ್ನು ಹಾಗೆಯೇ ಬಿಟ್ಟು, ಬಿಚ್ಚಿದ ಸ್ಕ್ರೂಗಳನ್ನು ಮೇಜಿನ ಮೇಲೆ ಚೆಲ್ಲಿ, ಎದ್ದು ಹೊರಟ. ಮಾವ ಗೇಟಿನವರೆಗೆ ಹೋಗಿ ಬೀಳ್ಕೊಟ್ಟು ಬಂದರು!

ನಾನು ಹಳೆಯ ನೋಟುಬುಕ್ಕು ಹುಡುಕಿ ತಂದು ಅವರ ಮುಂದೆ ಬಿಡಿಸಿ ಹಿಡಿದೆ. ಮೀಟರು ಹಚ್ಚಿ ತೋರಿಸಿದೆ. ಬರೆದ ಓಮಿಗೂ ಈಗಿನದ್ದಕ್ಕೂ ಸಂಬಂಧವೇ ಇರಲಿಲ್ಲ.

"ಮಾವ, ಅವನು ಕದ್ದಿದ್ದಾನೆ. ಅವನ ಹತ್ತಿರ ಇಂಥದ್ದೇ ಇನ್ನೊಂದು ಗಿಟಾರು ಇರಬೇಕು. ಅದಕ್ಕೆ ಹಾಕಲು ನಿಮ್ಮದರ ಕರುಳು ತೆಗೆದಿದ್ದಾನೆ."

"ಗೊತ್ತು," ಎಂದರು ಮಾವ.

"ಎಂತ ಗೊತ್ತು?"

"ನೀನು ಬರುವ ಮೊದಲು ಅವ ಪ್ಲಗ್ ಹಾಕಿ ಮೀಟಿ ತೋರಿಸಿದ. ಮೊದಲ ತಂತಿಗೇ ಗೊತ್ತಾಯ್ತು. ಹದಿನೈದು ವರ್ಷ ಕೇಳಿದ ಧ್ವನಿ ನನಗೆ ಗೊತ್ತಾಗದಾ?"

ಕಳ್ಳನ ಮೇಲಿದ್ದ ನನ್ನ ಸಿಟ್ಟೆಲ್ಲ ಒಮ್ಮೆಗೇ ಇವರ ಮೇಲೆ ತಿರುಗಿತು. ಗೊತ್ತಿದ್ದೂ ಕೈ ಕಟ್ಟಿ ನಿಂತಿದ್ದಾರೆ. ಗೊತ್ತಿದ್ದೂ ನನ್ನನ್ನು ಒಳಗೆ ಕಳಿಸಿದ್ದಾರೆ. ಗೊತ್ತಿದ್ದೂ ಗೇಟಿನವರೆಗೆ ಹೋಗಿದ್ದಾರೆ.

"ಮತ್ತೆ ಯಾಕೆ ಸುಮ್ಮನಿದ್ರಿ?"

"ಅವರ ಉಪ್ಪು ತಿಂದಿದ್ದೇನೆ ಮಗಾ. ನಿನ್ನ ಅಮ್ಮನ ಮದುವೆ ಮಾಡಿಸಿದ್ದು ಆ ಧಣಿಗಳು. ನಿನ್ನ ತಮ್ಮ ಈಗಲೂ ಅವರ ಹೋಟೆಲಿನಲ್ಲಿ ಕೌಂಟರಿನಲ್ಲಿ ಇದ್ದಾನೆ. ಒಂದು ಗಿಟಾರಿಗೋಸ್ಕರ ನಾನು ಆ ಮನೆಯ ಹುಡುಗನಿಗೆ ಕಳ್ಳ ಅನ್ಲಿಕ್ಕಾಗ್ತದಾ? ಅದೂ ನುಡಿಸಲಿಕ್ಕಾಗದ ಗಿಟಾರು."

"ನೀವು ಅನ್ನಬೇಡಿ. ನಾನು ಅಂತೇನೆ."

"ಆ ಮನೆಯ ಮೆಟ್ಟಿಲು ಹತ್ತಬೇಡ. ನಾನು ಹೇಳ್ತಿದ್ದೇನೆ."

ಆಗಲೇ ಬಂದರಿಗೆ ಹೋಗಿ ಕಾಕನನ್ನು ಕಂಡೆ. ಅವರು ಒಂದು ಟ್ರಾನ್ಸಿಸ್ಟರನ್ನು ಬಿಚ್ಚಿ ಹಾಕಿ ಕೂತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸಿದರು.

"ನಿನ್ನ ಮಾವ ಬರ್ತಾರಾ?"

"ಇಲ್ಲ. ಹೋಗಬೇಡ ಅಂದಿದ್ದಾರೆ."

"ನಾನೂ ಅದನ್ನೇ ಹೇಳಬೇಕು ಮಾರಾಯ್ತಿ. ಅವರು ದೊಡ್ಡವರು. ನನ್ನ ಅಂಗಡಿಯ ಕಟ್ಟಡ ಅವರ ಭಾವನದ್ದು." ಕನ್ನಡಕವನ್ನು ಮತ್ತೆ ಏರಿಸಿಕೊಂಡರು. "ಆದರೆ ಆ ನಂಬರ್ ಓದಿದ್ದು ನಾನೇ ಅಲ್ವಾ. ನಾಳೆ ಹನ್ನೊಂದಕ್ಕೆ ಬಾ. ಸಾಲ್ಡ್ರಿಂಗ್ ಐರನ್ ನಿನ್ನದೇ ತಾ, ನನ್ನದು ಬಿಸಿಯಾಗ್ಲಿಕ್ಕೆ ಹೊತ್ತು ಬೇಕು."

ಭಾನುವಾರ ನಾನು ಗಿಟಾರಿನ ಪೆಟ್ಟಿಗೆ ಎತ್ತಿಕೊಂಡಾಗ ಮಾವ ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪೇಪರು ಕೆಳಗಿಳಿಯಲಿಲ್ಲ. ತಾಯಿ ಮಾತ್ರ ರಸ್ತೆಯವರೆಗೂ ಹಿಂದೆ ಬಂದು, "ತಮ್ಮನ ನೆನಪು ಇಟ್ಟುಕೋ," ಎಂದರು. ರಿಕ್ಷಾದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೂತೆ. ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು. ಆದರೆ "ಯಾರೋ ಊರಿನವರು" ಎಂಬ ಆ ಮಾತು ಹೆದರಿಕೆಗಿಂತ ಜೋರಾಗಿ ಕಿವಿಯಲ್ಲಿ ಗುಂಯ್ಗುಡುತ್ತಿತ್ತು.

ಬಂದರಿನಲ್ಲಿ ಕಾಕನನ್ನು ಹತ್ತಿಸಿಕೊಂಡು ಹೋದೆ. ಬಿಜೈ ಕಡೆಯ ಆ ಬಂಗಲೆಯ ಚಾವಡಿಯಲ್ಲಿ ದೊಡ್ಡ ಧಣಿಗಳು ಆರಾಮಕುರ್ಚಿಯಲ್ಲಿ ಕೂತಿದ್ದರು. ಬಿಳಿ ಪಂಚೆ, ಬಿಳಿ ಬನಿಯನು. ನಾನು ಯಾರ ಸೊಸೆ ಎಂದು ಹೇಳಿದೆ. "ಓ, ಅವನ ಸೊಸೆಯಾ? ಕೂತ್ಕೊ. ಕೈ ಹೇಗುಂಟಂತೆ ಅವನದ್ದು?" ಎಂದು ಪ್ರೀತಿಯಿಂದಲೇ ಕೇಳಿದರು. ಅದರಿಂದ ನನಗೆ ಇನ್ನೂ ಕಷ್ಟವಾಯಿತು. ಕೂರಲಿಲ್ಲ. ಪೆಟ್ಟಿಗೆ ತೆರೆದು, ನೋಟುಬುಕ್ಕು ಅವರ ತೊಡೆಯ ಮೇಲಿಟ್ಟು, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಡುವೆ ದನಿ ಏರಿತು. ಒಳಗಿನಿಂದ ಸಣ್ಣ ಧಣಿ ಬಂದ.

"ಅಪ್ಪಾ, ಇವಳಿಗೆ ಮಂಡೆ ಸಮ ಇಲ್ಲ. ಮಾರಾಟ ಆಗಲಿಲ್ಲ ಅಂತ ಬಂದು ಗಲಾಟೆ ಮಾಡುವುದು."

ದೊಡ್ಡ ಧಣಿಗಳು ತಿರುಗಿ, "ಸಾಯ್ಬರೇ, ನೀವು ಎಂತ ಹೇಳ್ತೀರಿ?" ಎಂದು ಕಾಕನನ್ನು ಕೇಳಿದರು.

"ಧಣಿಗಳೇ, ನಾನು ಮೂವತ್ತು ವರ್ಷ ರೇಡಿಯೋ ಬಿಚ್ಚಿದವ. ಈ ಹುಡುಗಿ ಬರೆದ ನಂಬರ್ ಎಲ್ಲ ನಾನು ಓದಿ ಹೇಳಿದ್ದು. ಆ ಸಾಮಾನು ಈಗ ಇದರಲ್ಲಿ ಇಲ್ಲ. ನಿಮ್ಮ ಮಗನ ಹತ್ತಿರ ಇಂಥದ್ದೇ ಗಿಟಾರು ಉಂಟಾದರೆ ತರಿಸಿ. ಬಿಚ್ಚಿ ನೋಡುವ. ಈ ನಂಬರ್ ಅದರಲ್ಲಿ ಇಲ್ಲದಿದ್ದರೆ ನಾನು ನಿಮ್ಮ ಕಾಲು ಹಿಡಿದು ತಪ್ಪಾಯ್ತು ಹೇಳಿ ಹೋಗ್ತೇನೆ."

"ನನ್ನ ಗಿಟಾರನ್ನು ಇವರೆಲ್ಲ ಮುಟ್ಟಲಿಕ್ಕೆ ಬಿಡ್ಲಿಕ್ಕಾಗುದಿಲ್ಲ," ಎಂದ ಸಣ್ಣ ಧಣಿ. "ಅದಕ್ಕೆ ಎಷ್ಟು ರೇಟು ಉಂಟು ಗೊತ್ತುಂಟಾ?"

ಮುದುಕರು ಮಗನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಅಷ್ಟರಲ್ಲೇ ಅವರಿಗೆ ಗೊತ್ತಾಗಿರಬೇಕು.

"ತಾ," ಎಂದರು.

ಅವನು ತಂದದ್ದೂ ಜೇನು ಬಣ್ಣದ್ದೇ. ಮಾವನದ್ದಕ್ಕಿಂತ ಚೆನ್ನಾಗಿ ಹೊಳೆಯುತ್ತಿತ್ತು. ನಾನು ಚಾವಡಿಯ ನೆಲದಲ್ಲಿ ಕೂತು ಒಂದೊಂದೇ ಸ್ಕ್ರೂ ಬಿಚ್ಚಿದೆ. ಫಲಕ ಮಗುಚಿದ ಕೂಡಲೇ ಪಿಕಪ್ಪಿನ ತಳದ ಪೆನ್ಸಿಲಿನ ಎರಡು ಅಕ್ಷರ ಕಣ್ಣಿಗೆ ಬಿತ್ತು. ಕೈಯಲ್ಲಿ ಹಿಡಿದುಕೊಂಡು ಅಳುವಷ್ಟು ಸಿಟ್ಟು ಬಂತು. ಕಾಕ ಕನ್ನಡಕ ಏರಿಸಿ ಕಂಟ್ರೋಲಿನ ಅಂಕೆಗಳನ್ನು ಒಂದೊಂದಾಗಿ ಓದಿದರು. ದೊಡ್ಡ ಧಣಿಗಳು ತೊಡೆಯ ಮೇಲಿನ ನೋಟುಬುಕ್ಕಿನಲ್ಲಿ ಬೆರಳಿಟ್ಟು ಒಂದೊಂದನ್ನೂ ತಾಳೆ ನೋಡಿದರು. ಕೊನೆಯ ಅಂಕೆಗೆ ಬಂದಾಗ ಪುಸ್ತಕ ಮುಚ್ಚಿದರು.

ಸಣ್ಣ ಧಣಿ, "ಹೇಗೂ ಅವರಿಗೆ ನುಡಿಸಲಿಕ್ಕಾಗುದಿಲ್ಲ. ಕಪಾಟಿನಲ್ಲಿ ಕೊಳೆಯುವುದಕ್ಕೆ ಒರಿಜಿನಲ್ ಯಾಕೆ?" ಎಂದ. ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ. ಹಾಕಿದ ಲೆಕ್ಕ ಸರಿಯಾಗಲಿಲ್ಲ ಎಂಬ ಬೇಸರ ಮಾತ್ರ.

"ಒಳಗೆ ಹೋಗು," ಎಂದರು ದೊಡ್ಡ ಧಣಿಗಳು. ಅವನು ಹೋದ ಮೇಲೆ ನನ್ನನ್ನು ಕೇಳಿದರು, "ಇದಕ್ಕೆಲ್ಲ ಎಷ್ಟಾಗ್ತದೆ? ಹೇಳು. ಈಗಲೇ ಕೊಟ್ಟುಬಿಡ್ತೇನೆ."

"ದುಡ್ಡು ಬೇಡ. ಪ್ಲಗ್ ಎಲ್ಲಿ ಉಂಟು ಹೇಳಿ."

ಆ ಚಾವಡಿಯ ಗೋಡೆಯ ಪ್ಲಗ್ಗಿಗೆ ಐರನ್ ಹಾಕಿ, ಒಂದು ಗಂಟೆಯ ಹೊತ್ತು ನೆಲದಲ್ಲಿ ಕೂತು, ಮಾವನ ಸಾಮಾನನ್ನು ಅವನ ಗಿಟಾರಿನಿಂದ ಬಿಡಿಸಿದೆ. ಬೆಸುಗೆಯ ಹೊಗೆ ದೊಡ್ಡ ಧಣಿಗಳ ಮೂಗಿಗೆ ಹೋಗುತ್ತಿತ್ತು. ಅವರು ಎದ್ದು ಹೋಗಲಿಲ್ಲ. ಮನೆಯೊಡತಿ ಮಜ್ಜಿಗೆ ಕಳಿಸಿದರು. ಕಾಕ ಕುಡಿದರು, ನಾನು ಮುಟ್ಟಲಿಲ್ಲ. ಮಾವನ ಪಿಕಪ್ಪನ್ನೂ ಕಂಟ್ರೋಲುಗಳನ್ನೂ ಅವುಗಳ ಜಾಗಕ್ಕೆ ಕೂರಿಸಿ ಬೆಸೆದು, ಮೀಟರಿನಲ್ಲಿ ನೋಡಿ, ಫಲಕ ಮುಚ್ಚಿದೆ. ಅವನು ನಮ್ಮದಕ್ಕೆ ಹಾಕಿದ್ದ ಅಗ್ಗದ ಸಾಮಾನನ್ನು ಒಂದು ಕಾಗದದಲ್ಲಿ ಕಟ್ಟಿ ಟೀಪಾಯಿಯ ಮೇಲಿಟ್ಟೆ. ಅವನ ಗಿಟಾರನ್ನು ಮಾತ್ರ ಜೋಡಿಸಲಿಲ್ಲ. ವಯರು ಹೊರಗೆ ನೇತಾಡುತ್ತಿದ್ದ ಹಾಗೆಯೇ ಬಿಟ್ಟೆ. ಕಾಕ ಅದನ್ನು ನೋಡಿ, "ಮುಚ್ಚಿಯಾದರೂ ಇಡುವ," ಎಂದು ಮೆಲ್ಲಗೆ ಹೇಳಿದರು. ನಾನು ಕೇಳಿಸದವಳಂತೆ ಎದ್ದೆ.

ಮೆಟ್ಟಿಲಿಳಿಯುವಾಗ ದೊಡ್ಡ ಧಣಿಗಳು ಹಿಂದಿನಿಂದ ಹೇಳಿದರು, "ಇದು ನಮ್ಮನಮ್ಮೊಳಗೆ ಇರಲಿ. ಹೊರಗೆ ಹೇಳುವುದು ಬೇಡ."

ಮಗ ಮಾಡಿದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಉರಿಸಿತು. ಅಷ್ಟು ಹೊತ್ತು ಅವರ ಬಗ್ಗೆ ಒಳಗೊಳಗೇ ಹುಟ್ಟುತ್ತಿದ್ದ ಗೌರವ ಅಲ್ಲೇ ಸತ್ತಿತು. "ಯಾರಾದರೂ ಕೇಳಿದರೆ ಹೇಳ್ತೇನೆ ಧಣಿಗಳೇ," ಎಂದೆ.

ಹದಿನೈದು ದಿನದೊಳಗೆ ನನ್ನ ತಮ್ಮ ಮುಂಬಯಿಯಿಂದ ಬಸ್ಸಿನಲ್ಲಿ ಬಂದಿಳಿದ. ಕೌಂಟರಿಗೆ ಬೇರೆ ಜನ ಸಿಕ್ಕಿದ್ದಾರೆ ಎಂದಿದ್ದರಂತೆ. ಕಾಕನ ಅಂಗಡಿಯನ್ನು ಯಾರೂ ಏನೂ ಮಾಡಲಿಲ್ಲ. ದೊಡ್ಡವರ ಸಿಟ್ಟಿಗೂ ಲೆಕ್ಕಾಚಾರ ಇರುತ್ತದೆ, ಬಂದರಿನ ವ್ಯಾಪಾರಿಗಳನ್ನು ಎದುರು ಹಾಕಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ತಾಯಿ ತಿಂಗಳುಗಟ್ಟಲೆ ನನಗೆ ಅನ್ನ ಬಡಿಸುವಾಗ ಪಾತ್ರೆ ಕುಕ್ಕಿದರು. ತಮ್ಮ ಒಂದೇ ಒಂದು ಸಲ, "ಅಕ್ಕ, ನನ್ನನ್ನು ಒಂದು ಮಾತು ಕೇಳಬಹುದಿತ್ತು," ಎಂದ. ಅವನು ಹೇಳಿದ್ದು ಸರಿ ಇತ್ತು. ನನಗೆ ಅವನ ಮೇಲೂ ಸಿಟ್ಟು ಬಂತು. ಕೊನೆಗೆ ಅವನು ಕಂಕನಾಡಿಯ ಒಂದು ಔಷಧದ ಅಂಗಡಿ ಸೇರಿ, ಅಲ್ಲೇ ನಿಂತ.

ಮಾವ ನನ್ನ ಜೊತೆ ಮಾತು ಬಿಟ್ಟರು. ಒಂದೇ ಮನೆಯಲ್ಲಿದ್ದು, "ಅವಳಿಗೆ ಹೇಳು, ಬಾವಿಯ ಹಗ್ಗ ಸವೆದಿದೆ ಅಂತ," ಎಂದು ತಾಯಿಯ ಮೂಲಕ ಹೇಳಿಸುತ್ತಿದ್ದರು. ಗಿಟಾರು ಸರಿಯಾಗಿ ಬಂದಿದೆಯೇ ಎಂದು ಪೆಟ್ಟಿಗೆ ತೆರೆದೂ ನೋಡಲಿಲ್ಲ. ನಾನೂ ಸೋಲಲಿಲ್ಲ. ಬಗ್ಗಿದ ಬೆರಳಿನ ಆ ಕೈಯನ್ನು ನೋಡಿದಾಗಲೆಲ್ಲ ಪಾಪ ಅನ್ನಿಸುವ ಮೊದಲೇ, ಆ ಕೈ ಕಟ್ಟಿಕೊಂಡು ನಿಂತ ಭಂಗಿ ನೆನಪಾಗುತ್ತಿತ್ತು.

ಮರುವರ್ಷ ಗೋವಾದ ಒಬ್ಬ ಗಿಟಾರಿನವ, ಮಾವನ ಹಳೆಯ ಬ್ಯಾಂಡಿನವರ ಮೂಲಕ ವಿಷಯ ತಿಳಿದು, ಬಸ್ಸಿನಲ್ಲಿ ಬಂದ. ಐವತ್ತು ದಾಟಿದ ಮನುಷ್ಯ. ಬಾಗಿಲಲ್ಲಿ ಚಪ್ಪಲಿ ಬಿಟ್ಟ. ಗಿಟಾರು ಮುಟ್ಟುವ ಮೊದಲು, "ಬಿಚ್ಚಬಹುದಾ?" ಎಂದು ಮಾವನನ್ನು ಕೇಳಿದ. ಮಾವ ನನ್ನ ಕಡೆ ನೋಡಿ, ಒಂದು ವರ್ಷದ ಮೇಲೆ ಮೊದಲ ಸಲ ನೇರವಾಗಿ, "ನೀನು ಕೂತ್ಕೊ ಹತ್ತಿರ," ಎಂದರು.

ರೇಟು ಕಟ್ಟುವುದೆಂದರೆ ಏನೆಂದು ನಾನು ಆ ದಿನ ನೋಡಿದೆ. ಅವನು ಮೊದಲು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣದ ಮೇಲಿನ ಸಣ್ಣ ಬಿರುಕುಗಳನ್ನು ನೋಡಿದ. ಮತ್ತೆ ಬಣ್ಣ ಹೊಡೆದಿದ್ದರೆ ಆ ಬಿರುಕು ಇರುವುದಿಲ್ಲವಂತೆ. ಫಲಕ ತೆಗೆದು, ಬಿಸಿಲು ತಾಗದ ಅಡಿಯ ಬಣ್ಣ ಹೊರಗಿನದ್ದಕ್ಕಿಂತ ಗಾಢವಾಗಿದೆಯೇ ಎಂದು ನೋಡಿದ. ಕತ್ತನ್ನು ಮೈಯಿಂದ ಕಳಚಿ, ಒಳಗೆ ಮರದ ಮೇಲೆ ಪೆನ್ಸಿಲಿನಲ್ಲಿ ಬರೆದ ತಾರೀಕನ್ನು ಕಂಟ್ರೋಲಿನ ಅಂಕೆಗೆ ತಾಳೆ ಹಾಕಿದ. ಪ್ರತಿ ಸ್ಕ್ರೂವನ್ನೂ ತೆಗೆದ ತೂತಿನ ಎದುರೇ ಇಟ್ಟ. ಎರಡು ಗಂಟೆ ಹಿಡಿಯಿತು. ಕೊನೆಗೆ ಹಿಂದಿಯಲ್ಲಿ ಹೇಳಿದ, ಸಾಮಾನೆಲ್ಲ ಒರಿಜಿನಲ್, ಎರಡು ವಿಷಯ ಬಿಟ್ಟು. ಬೆಸುಗೆ ಹೊಸದು. ಒಂದು ಪಿಕಪ್ಪು ಮತ್ತೆ ಸುತ್ತಿದ್ದು.

ಬೆಸುಗೆ ಯಾಕೆ ಹೊಸದು ಎಂದು ಹೇಳಿದೆ. ಹೆಸರು ಹೇಳದೆ ನಡೆದದ್ದನ್ನೆಲ್ಲ ಹೇಳಿದೆ.

"ನಾನು ನಂಬುತ್ತೇನೆ. ಆದರೆ ನಾಳೆ ನನ್ನಿಂದ ಕೊಳ್ಳುವವ ನಂಬುವುದಿಲ್ಲ. ಮುಟ್ಟದ ಬೆಸುಗೆಗೇ ಬೆಲೆ. ಒಮ್ಮೆ ಕೈ ಹಾಕಿದ ಮೇಲೆ, ಅದೇ ಸಾಮಾನು ಅದೇ ಜಾಗಕ್ಕೆ ಬಂದರೂ, ಮೊದಲಿನದ್ದಾಗುವುದಿಲ್ಲ."

ಅಂದರೆ ಕದ್ದದ್ದನ್ನು ವಾಪಸ್ಸು ತಂದರೂ ಆ ಕಳ್ಳನ ಕೈ ಆ ಗಿಟಾರಿನ ಬೆಲೆಯಲ್ಲಿ ಶಾಶ್ವತವಾಗಿ ಉಳಿಯಿತು. ಸಿಕ್ಕಿಬಿದ್ದವನಿಗೆ ಏನೂ ಆಗಲಿಲ್ಲ. ಬೆಲೆ ಇಳಿದದ್ದು ನಮ್ಮದು.

ನನ್ನ ಕಾಯಿಲಿನ ವಿಷಯ ಬಂದಾಗ ಅವನು ಅದನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದ. "ಯಾರು ಸುತ್ತಿದ್ದು? ಒಂದು ಸುತ್ತೂ ಮೇಲೆ ಕೆಳಗೆ ಆಗಿಲ್ಲ."

"ನಾನು," ಎಂದೆ.

"ಒಳ್ಳೆಯ ಕೆಲಸ. ಆದರೆ ಇದಕ್ಕೂ ಕಳೆಯಬೇಕು. ನಿಯಮ ಹಾಗೆ."

ನಿಯಮ! ಅಮೆರಿಕದ ಕಾರ್ಖಾನೆಯಲ್ಲಿ ಯಂತ್ರ ಸುತ್ತಿದ್ದಕ್ಕೆ ಪೂರ್ತಿ ಬೆಲೆ. ಸತ್ತದ್ದನ್ನು ನಾಲ್ಕು ಸಂಜೆ ಕಣ್ಣು ಕೀಲಿಸಿಕೊಂಡು ಎಬ್ಬಿಸಿದ್ದಕ್ಕೆ ಕಡಿತ. ಸತ್ತೇ ಇದ್ದಿದ್ದರೂ ಇಷ್ಟು ಕಳೆಯುತ್ತಿದ್ದಿರಾ ಎಂದು ಕೇಳಿದೆ. ಅವನು ಪ್ರಾಮಾಣಿಕ ಮನುಷ್ಯ, ಯೋಚಿಸಿ ಹೇಳಿದ: "ಬಹುಶಃ ಇಲ್ಲ. ಮೊದಲಿನ ತಂತಿ ಇರುತ್ತಿತ್ತಲ್ಲ." ಕಳ್ಳನೂ ಒಳ್ಳೆಯವನೂ ನನ್ನ ಕಾಯಿಲಿನ ಬಗ್ಗೆ ಹೇಳಿದ್ದು ಒಂದೇ. ಸಣ್ಣ ಧಣಿ ಇಡೀ ಗಿಟಾರಿನಲ್ಲಿ ಮುಟ್ಟದೆ ಬಿಟ್ಟದ್ದು ಅದೊಂದನ್ನೇ ಯಾಕೆ ಎಂದು ನನಗೆ ಆಗ ಪೂರ್ತಿ ಅರ್ಥವಾಯಿತು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಎದ್ದು ಅಡುಗೆಮನೆಗೆ ಹೊರಟೆ.

ಆಗ ಮಾವ ಮಾತಾಡಿದರು. ಮುಂಬಯಿಯಲ್ಲಿ ಕಲಿತ ಹಿಂದಿಯಲ್ಲಿ, ಏರಿಸದ ದನಿಯಲ್ಲಿ.

"ಬೆಸುಗೆಗೆ ಕಳೆಯಿರಿ. ಅದು ನನ್ನ ತಪ್ಪು, ನಾನು ಕೊಡಬಾರದವನಿಗೆ ಕೊಟ್ಟೆ. ಈ ಕಾಯಿಲಿಗೆ ಒಂದು ಪೈಸೆ ಕಳೆಯುವ ಹಾಗಿಲ್ಲ. ಇದರಲ್ಲಿ ಏಳು ವರ್ಷ ಈ ಮನೆ ಊಟ ಮಾಡಿದೆ. ಆಗುವುದಾದರೆ ತೆಗೆದುಕೊಳ್ಳಿ. ಇಲ್ಲದಿದ್ದರೆ ಪೆಟ್ಟಿಗೆ ಮುಚ್ಚಿ."

ಅವನು ನಿಯಮದ ಬಗ್ಗೆ ಇನ್ನೊಮ್ಮೆ ಹೇಳಿದ. ಮಾವ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದರು. ಅವನು ನಕ್ಕು, ಸರಿ ಎಂದ.

ಮಾವ ನನ್ನ ಕಡೆ ನೋಡಿದರು. ನಾನು ಖುಷಿಪಡುತ್ತೇನೆಂದು ಎಣಿಸಿದ್ದರೋ ಏನೋ. ನನಗೆ ಬಂದದ್ದು ಸಿಟ್ಟೇ. ಗೋವಾದ ಪರವೂರಿನವನ ಮುಂದೆ ಎದ್ದ ಈ ನಾಲಿಗೆ ಆ ಶನಿವಾರ ಎಲ್ಲಿ ಹೋಗಿತ್ತು? ತನಗಿಂತ ಸಣ್ಣವನ ಮುಂದೆ ಮಾತಾಡುವುದು ಯಾರಿಗಾದರೂ ಬರುತ್ತದೆ. ಕೇಳಲೇಬೇಕೆಂದು ಬಾಯಿ ತೆರೆದೆ. ಅವರ ಬಗ್ಗಿದ ಬೆರಳು ಪೆಟ್ಟಿಗೆಯ ಕೊಂಡಿಯನ್ನು ಹಾಕಲಾಗದೆ ತಡವರಿಸುತ್ತಿತ್ತು. ನಾನೇ ಹೋಗಿ ಕೊಂಡಿ ಹಾಕಿದೆ, ಕೇಳಲಿಲ್ಲ.

ಆ ದಿನದಿಂದ ನಾವು ಮತ್ತೆ ಮಾತಾಡತೊಡಗಿದೆವು. ಬಾವಿಯ ಹಗ್ಗ, ಬಸ್ಸಿನ ಹೊತ್ತು, ತಮ್ಮನ ಮದುವೆ. ಸಣ್ಣ ಧಣಿಯ ಹೆಸರು ನಮ್ಮ ನಡುವೆ ಬರಲಿಲ್ಲ. ಮೂರು ವರ್ಷದ ಮೇಲೆ ಮಾವ ತೀರಿಕೊಂಡಾಗ ದೊಡ್ಡ ಧಣಿಗಳ ಮನೆಯಿಂದ ಕಾರು ಬಂತು, ಹೂವಿನ ಹಾರ ಬಂತು. ಹಾರ ತಂದವನು ಸಣ್ಣ ಧಣಿಯೇ. ಸಾವಿನ ಮನೆ ಎಂದು ಎಲ್ಲರೂ ದಾರಿ ಬಿಟ್ಟರು. ತಾಯಿ ನನ್ನ ಮೊಣಕೈ ಹಿಡಿದುಕೊಂಡರು. ನಾನು ಬಾಗಿಲಲ್ಲಿ ಅಡ್ಡ ನಿಂತು, ಅವನ ಕಾಲಿನ ಕಡೆ ನೋಡಿ, "ಬೂಟು ಹೊರಗೆ ಬಿಡಿ," ಎಂದೆ. ಅವನು ಅಷ್ಟು ಜನರ ಎದುರು ಬಗ್ಗಿ ಲೇಸು ಬಿಚ್ಚತೊಡಗಿದ. ಗಂಟು ಬಿಗಿಯಾಗಿತ್ತು. ತುಂಬ ಹೊತ್ತು ಹಿಡಿಯಿತು.